ಕಾಗದದಲ್ಲಿ ಕಟ್ಟಿದ ಕಬ್ಬಿಣದ ಮನುಷ್ಯ

ನಿಮ್ಮ ಮೊಬೈಲಿಗೂ ಅಂಥದೊಂದು ವಿಡಿಯೋ ಬಂದಿರಬಹುದು. ದೊಡ್ಡ ಸಭಾಂಗಣ, ಕಾಲಿಡಲು ಜಾಗವಿಲ್ಲದಷ್ಟು ಜನ. ನಡುವೆ ಕೆಂಪು ಮತ್ತು ಚಿನ್ನದ ಬಣ್ಣದ ಲೋಹದ ಮನುಷ್ಯನೊಬ್ಬ ನಿಧಾನಕ್ಕೆ ಹೆಜ್ಜೆ ಹಾಕುತ್ತಾ ಬರುತ್ತಾನೆ. ಎದೆಯ ಮೇಲೆ ದುಂಡನೆಯ ದೀಪ ಉರಿಯುತ್ತಿದೆ. ಗುಂಡಿ ಒತ್ತಿದರೆ ಮುಖದ ಮುಚ್ಚಳ ಮೇಲಕ್ಕೇಳುತ್ತದೆ, ಒಳಗೆ ಬೆವರಿನಲ್ಲಿ ತೊಯ್ದ ಮುಖವೊಂದು ನಗುತ್ತದೆ. ಮಕ್ಕಳು ಮುತ್ತಿಕೊಳ್ಳುತ್ತಾರೆ, ದೊಡ್ಡವರು ಸೆಲ್ಫಿಗೆ ಸಾಲು ನಿಲ್ಲುತ್ತಾರೆ.

ಅದು ಐರನ್ ಮ್ಯಾನ್. ಕಾಮಿಕ್ಸ್ ಪುಸ್ತಕದಿಂದ ಸಿನಿಮಾಕ್ಕೆ ಬಂದ ಅಮೆರಿಕದ ಹೀರೋ. ಹೆಸರಿನಲ್ಲಿ ಕಬ್ಬಿಣವಿದ್ದರೂ ಆ ಕವಚದಲ್ಲಿ ಕಬ್ಬಿಣ ಹುಡುಕಿದರೆ ಬಕಲ್ಲು, ಸ್ಕ್ರೂ ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ. ಮಕ್ಕಳು ಕೂರಲೆಂದು ಒಂದಕ್ಕೊಂದು ಸಿಕ್ಕಿಸಿ ನೆಲಕ್ಕೆ ಹಾಸುತ್ತಾರಲ್ಲ, ಆ ಬಣ್ಣದ ಫೋಮ್ ಮ್ಯಾಟು ಅದು. ಇಲ್ಲವೇ ಲಗ್ನಪತ್ರಿಕೆಯಷ್ಟು ದಪ್ಪದ ಕಾಗದ. ಕಟ್ಟಿದ್ದು ಕಾರ್ಖಾನೆಯಲ್ಲೂ ಅಲ್ಲ. ಯಾರದೋ ಮನೆಯ ಹಿತ್ತಲಲ್ಲಿ, ಅಡುಗೆ ಮನೆಯ ಮೇಜಿನ ಮೇಲೆ, ತಿಂಗಳುಗಟ್ಟಲೆ ರಾತ್ರಿ ಕೂತು ಕತ್ತರಿಸಿ ಅಂಟಿಸಿದ್ದು.

ನಮ್ಮಲ್ಲಿ ಸಾಹಿತ್ಯ ಸಮ್ಮೇಳನ ನಡೆಯುತ್ತದಲ್ಲ, ಹಾಗೆಯೇ ಹೊರದೇಶಗಳಲ್ಲಿ ವೈಜ್ಞಾನಿಕ ಕಥೆ, ಕಾಮಿಕ್ಸ್, ಸಿನಿಮಾಗಳ ಅಭಿಮಾನಿಗಳು ಸಮ್ಮೇಳನ ಸೇರುತ್ತಾರೆ. ಕನ್ವೆನ್ಷನ್ ಎನ್ನುತ್ತಾರೆ. ಅಲ್ಲಿಗೆ ತಮ್ಮ ಮೆಚ್ಚಿನ ಪಾತ್ರದ ವೇಷ ಹಾಕಿಕೊಂಡು ಹೋಗುವುದಕ್ಕೆ ಈಗ ಕಾಸ್‌ಪ್ಲೇ ಎಂದು ಹೆಸರು. ಈ ಪದ್ಧತಿಯ ಕಥೆ ಬರೆದವರು ಸಾಮಾನ್ಯವಾಗಿ ವೇಷ ತೊಟ್ಟವರ ಹೆಸರು ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ನಾವು ಇಲ್ಲಿ ಸ್ವಲ್ಪ ನಿಂತು, ವೇಷ ಮಾಡಿದ ಕೈಗಳನ್ನು ನೋಡೋಣ ಎಂದುಕೊಂಡಿದ್ದೇವೆ.

ಸೂಜಿ ಹಿಡಿದವರು ಯಾರು?

1939ರ ಜುಲೈ ತಿಂಗಳು. ನ್ಯೂಯಾರ್ಕಿನಲ್ಲಿ ದೊಡ್ಡದೊಂದು ವಿಶ್ವ ವಸ್ತುಪ್ರದರ್ಶನ ನಡೆದಿತ್ತು. ಅದೇ ಹೊತ್ತಿಗೆ ಅದೇ ಊರಿನ ಕ್ಯಾರವಾನ್ ಹಾಲ್ ಎಂಬಲ್ಲಿ ವೈಜ್ಞಾನಿಕ ಕಥೆಗಳ ಓದುಗರು ತಮ್ಮ ಮೊದಲ ವಿಶ್ವ ಸಮ್ಮೇಳನ ನಡೆಸಿದರು. ಸೇರಿದ್ದು ಸುಮಾರು 200 ಜನ. ನಮ್ಮೂರಿನ ಒಂದು ಮದುವೆಗೂ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ.

ಎಲ್ಲರೂ ಕೋಟು, ಟೈ ಹಾಕಿಕೊಂಡು ಬಂದಿದ್ದರೆ ಇಬ್ಬರು ಮಾತ್ರ ಬೇರೆ ಕಾಲದಿಂದ ಇಳಿದುಬಂದವರಂತೆ ಕಾಣುತ್ತಿದ್ದರು. ಒಬ್ಬ 22 ವರ್ಷದ ಫಾರೆಸ್ಟ್ ಆಕರ್‌ಮನ್. ಮತ್ತೊಬ್ಬರು ಮರ್ಟಲ್ ಡಗ್ಲಸ್, ವಯಸ್ಸು 35. ಇಬ್ಬರೂ ಲಾಸ್ ಏಂಜಲೀಸ್‌ನವರು. ಎಸ್ಪೆರಾಂಟೊ ಎಂಬ ಕೃತಕ ಭಾಷೆಯ ಹುಚ್ಚು ಇಬ್ಬರಿಗೂ ಇತ್ತು. ಆ ಭಾಷೆಯಲ್ಲಿ ಡಗ್ಲಸ್ ಇಟ್ಟುಕೊಂಡ ಹೆಸರು ಮೊರೋಯೊ. 1936ರ 'ಥಿಂಗ್ಸ್ ಟು ಕಮ್' ಎಂಬ ಸಿನಿಮಾ ಮತ್ತು ಫ್ರಾಂಕ್ ಪಾಲ್ ಎಂಬ ಚಿತ್ರಕಾರ ಪತ್ರಿಕೆಗಳಿಗೆ ಬಿಡಿಸುತ್ತಿದ್ದ ಚಿತ್ರಗಳನ್ನು ನೋಡಿ, ಮುಂದಿನ ಕಾಲದ ಜನ ಹೀಗೆ ಬಟ್ಟೆ ಹಾಕಬಹುದು ಎಂದು ಊಹಿಸಿ ಹೊಲಿದ ಉಡುಪು ಅವು. ಬೆನ್ನ ಮೇಲೆ ಹಾರುವ ಮೇಲುಹೊದಿಕೆಯೂ ಇತ್ತು. ನ್ಯೂಯಾರ್ಕಿನ ಬೀದಿಯಲ್ಲಿ ಅದೇ ವೇಷದಲ್ಲಿ ನಡೆದರೆ ಮಕ್ಕಳು ಕಾಮಿಕ್ಸ್ ಹೀರೋಗಳ ಹೆಸರು ಹಿಡಿದು ಕೂಗಿದರಂತೆ.

ಆಕರ್‌ಮನ್ ಮುಂದೆ ಪತ್ರಿಕಾ ಸಂಪಾದಕನಾಗಿ ಬಹಳ ಹೆಸರು ಮಾಡಿದರು. ವೇಷದ ಸಮ್ಮೇಳನಗಳ ಕಥೆ ಹೇಳುವಾಗಲೆಲ್ಲ ದಶಕಗಳ ಕಾಲ ಅವರ ಹೆಸರು, ಅವರ ಫೋಟೋವೇ ಮುಂದೆ ಬಂತು. ಆದರೆ ಆ ಎರಡೂ ಉಡುಪುಗಳ ವಿನ್ಯಾಸ ಮಾಡಿದ್ದು, ಕತ್ತರಿಸಿದ್ದು, ಹೊಲಿದದ್ದು ಮೊರೋಯೊ. ಆಕೆ 1964ರಲ್ಲಿ ತೀರಿಕೊಂಡರು. ಕಾಸ್‌ಪ್ಲೇಯ ತಾಯಿ ಎಂದು ಆಕೆಯನ್ನು ಜನ ಕರೆಯತೊಡಗಿದ್ದು ಬಹಳ ತಡವಾಗಿ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ ಅನ್ನಿ. ಹೊಲಿದವಳನ್ನು ಮರೆತು ತೊಟ್ಟವನನ್ನು ನೆನಪಿಡುವುದು ಎಲ್ಲ ಊರಿನಲ್ಲೂ ನಡೆಯುವುದೇ. ಆದರೂ ಈ ಚರಿತ್ರೆಯ ಮೊದಲ ಪುಟದಲ್ಲೇ ಅದು ನಡೆದದ್ದು ನೆನಪಿರಲಿ. ಎರಡು ವರ್ಷದ ನಂತರ, 1941ರಲ್ಲಿ, ಡೆನ್ವರ್ ನಗರದ ಸಮ್ಮೇಳನಕ್ಕೆ ಆಕೆ ಕಪ್ಪೆಮುಖದ ಪ್ರಾಣಿಯೊಂದರ ವೇಷದಲ್ಲಿ ಹೋದರು. ಆ ಮುಖವಾಡ ಮಾಡಿಕೊಟ್ಟಿದ್ದು ರೇ ಹ್ಯಾರಿಹೌಸನ್ ಎಂಬ ಯುವಕ. ಸಿನಿಮಾದಲ್ಲಿ ಗೊಂಬೆಗಳನ್ನು ಒಂದೊಂದೇ ಫ್ರೇಮ್ ಸರಿಸಿ ರಾಕ್ಷಸ ಪ್ರಾಣಿಗಳಿಗೆ ಜೀವ ಕೊಟ್ಟ ಹ್ಯಾರಿಹೌಸನ್ ಇವರೇ.

ವೇಷ ಹಾಕುವುದೇನೂ 1939ಕ್ಕೇ ಶುರುವಾದದ್ದಲ್ಲ. 1908ರಲ್ಲೇ ಅಮೆರಿಕದ ಸಿನ್ಸಿನಾಟಿಯಲ್ಲಿ ದಂಪತಿಯೊಬ್ಬರು ಪತ್ರಿಕೆಯ ವ್ಯಂಗ್ಯಚಿತ್ರಗಳಲ್ಲಿ ಬರುತ್ತಿದ್ದ ಪಾತ್ರಗಳಾಗಿ ವೇಷದ ಕೂಟಕ್ಕೆ ಹೋಗಿದ್ದರು. ಆದರೆ ಓದುಗರ ಸಮ್ಮೇಳನಕ್ಕೂ ವೇಷಕ್ಕೂ ಗಂಟು ಬಿದ್ದದ್ದು ಮೊರೋಯೊ ಸೂಜಿಯಿಂದ. ಮರುವರ್ಷವೇ, 1940ರ ಶಿಕಾಗೋ ಸಮ್ಮೇಳನದಲ್ಲಿ, ವೇಷದ ಕೂಟವನ್ನು ಕಾರ್ಯಕ್ರಮದ ಪಟ್ಟಿಗೇ ಸೇರಿಸಿದರು. ಮುಂದೆ ಅದೊಂದು ರೂಢಿಯೇ ಆಯಿತು.

ಬರಬರುತ್ತ ಸ್ಪರ್ಧೆಗೆ ನಿಯಮಗಳೂ ಬಂದವು. ಹೊಸಬರು ಪಳಗಿದವರ ಎದುರು ನಿಲ್ಲಬೇಕಾಗದಂತೆ ಕೈಚಳಕದ ಮೇಲೆ ವರ್ಗ ಮಾಡಿದರು. ವೇದಿಕೆಯ ಹಿಂದೆ ಬೇರೆ ತೀರ್ಪುಗಾರರು ಕೂತು ಹೊಲಿಗೆಯನ್ನು ಒಳಮಗ್ಗುಲಿಂದ ತಿರುವಿ ನೋಡುವ ಪದ್ಧತಿ ಬಂತು. ಕೊಂಡುತಂದ ವೇಷಕ್ಕೆ ಅಲ್ಲಿ ಬೆಲೆಯಿಲ್ಲ. ಕೆಲವು ನಿಯಮಗಳ ಹಿಂದೆ ಒಂದೊಂದು ಕಥೆಯೇ ಇದೆ. 1972ರಲ್ಲಿ ಲಾಸ್ ಏಂಜಲೀಸ್ ಸಮ್ಮೇಳನಕ್ಕೆ ಸ್ಕಾಟ್ ಶಾ ಎಂಬ ಚಿತ್ರಕಾರ ಮೈಗೆಲ್ಲ ಕಡಲೆಕಾಯಿ ಬೆಣ್ಣೆ ಬಳಿದುಕೊಂಡು ಬಂದರು. ವೇದಿಕೆಯ ದೀಪದ ಕಾವಿಗೆ ಅದು ಕರಗಿ, ನೆಲಕ್ಕೆ ತಾಗಿ, ಪಕ್ಕದವರ ವೇಷಕ್ಕೂ ಮೆತ್ತಿ, ವಾಸನೆ ಹಬ್ಬಿತು. ವೇಷದಲ್ಲಿ ಕಡಲೆಕಾಯಿ ಬೆಣ್ಣೆ ಕೂಡದು ಎಂಬ ನಿಯಮ ಹುಟ್ಟಿದ್ದು ಹಾಗೆ.

ಕಾಸ್‌ಪ್ಲೇ ಎಂಬ ಮಾತು ಮಾತ್ರ ಜಪಾನಿನದು. ಕಾಸ್ಟ್ಯೂಮ್ ಮತ್ತು ಪ್ಲೇ ಎಂಬ ಎರಡು ಇಂಗ್ಲಿಷ್ ಪದ ಕತ್ತರಿಸಿ ಜೋಡಿಸಿ, ಬರಹಗಾರ ನೊಬುಯುಕಿ ತಕಹಾಶಿ 1983ರಲ್ಲಿ ಪತ್ರಿಕೆಯೊಂದರಲ್ಲಿ ಬಳಸಿದರು. 1984ರ ಅಮೆರಿಕ ಪ್ರವಾಸದಲ್ಲಿ ವೇಷಗಳನ್ನು ಕಂಡು ಬೆರಗಾಗಿ ಈ ಪದ ಹುಟ್ಟಿಸಿದರು ಎಂಬ ಕಥೆ ಬಹಳ ಕಡೆ ಓಡಾಡುತ್ತದೆ. ವರ್ಷ ನೋಡಿದರೆ ಅದು ಹೊಂದುವುದಿಲ್ಲ, ಪದ ಮೊದಲೇ ಅಚ್ಚಾಗಿತ್ತು.

ಬಟ್ಟೆಯಿಂದ ಕವಚಕ್ಕೆ

ಇಲ್ಲಿಯತನಕ ಹೆಚ್ಚಾಗಿ ಬಟ್ಟೆಯ ಮಾತಾಯಿತು. ಸೂಪರ್‌ಮ್ಯಾನ್ 1938ರಲ್ಲಿ ಬಂದ, ಅವನದು ಮೈಗಂಟಿದ ಅಂಗಿ ಮತ್ತು ಹೊದಿಕೆ. ಹೊಲಿಗೆ ಬರುವವರಿಗೆ ಅದೊಂದು ವಾರದ ಕೆಲಸ. ಕವಚದ ಹೀರೋ ಬಂದಾಗ ಹೊಲಿಗೆ ಮಿಷನ್ ಸಾಲದಾಯಿತು.

ಐರನ್ ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1963ರ ಮಾರ್ಚ್ ತಿಂಗಳ 'ಟೇಲ್ಸ್ ಆಫ್ ಸಸ್ಪೆನ್ಸ್' 39ನೇ ಸಂಚಿಕೆಯಲ್ಲಿ. ಸ್ಟಾನ್ ಲೀ, ಲ್ಯಾರಿ ಲೀಬರ್, ಡಾನ್ ಹೆಕ್, ಜ್ಯಾಕ್ ಕರ್ಬಿ ಸೇರಿ ರೂಪಿಸಿದ ಪಾತ್ರ. ಕರ್ಣನ ಕವಚ ಹುಟ್ಟಿನಿಂದ ಬಂದದ್ದು. ಸೂಪರ್‌ಮ್ಯಾನ್‌ಗೆ ಶಕ್ತಿ ಬೇರೆ ಗ್ರಹದಿಂದ ಬಂದದ್ದು. ಟೋನಿ ಸ್ಟಾರ್ಕ್ ಎಂಬ ಈ ಮನುಷ್ಯನಿಗೆ ಹಾಗೆ ಏನೂ ಇಲ್ಲ. ವಿಯೆಟ್ನಾಂನಲ್ಲಿ ಶತ್ರುಗಳ ಕೈಗೆ ಸಿಕ್ಕಿ, ಎದೆಯಲ್ಲಿ ಚೂರು ಹೊಕ್ಕು, ಸೆರೆಯಲ್ಲಿ ಕೈಗೆ ಸಿಕ್ಕ ಸಾಮಾನಿನಿಂದ ತನ್ನ ಕವಚ ತಾನೇ ಕಟ್ಟಿಕೊಳ್ಳುತ್ತಾನೆ. ಮೊದಲ ಕವಚದ ಬಣ್ಣ ಬೂದಿ, ಮುಂದಿನ ಸಂಚಿಕೆಯಲ್ಲಿ ಚಿನ್ನ. ಕೆಂಪು ಸೇರಿದ್ದು ಅದೇ ವರ್ಷದ ಡಿಸೆಂಬರ್ ಸಂಚಿಕೆಯಲ್ಲಿ, ಸ್ಟೀವ್ ಡಿಟ್ಕೊ ಕೈಯಿಂದ. 2008ರ ಸಿನಿಮಾದಲ್ಲಿ ವಿಯೆಟ್ನಾಂ ಹೋಗಿ ಅಫ್ಘಾನಿಸ್ತಾನವಾಯಿತು, ಗುಜರಿಯಿಂದ ಕವಚ ಕಟ್ಟುವುದು ಹಾಗೇ ಉಳಿಯಿತು. ಮನೆಯಲ್ಲಿ ಕವಚ ಕಟ್ಟುವವರು ಈ ಪಾತ್ರಕ್ಕೇ ಹೆಚ್ಚು ಮರುಳಾಗಿದ್ದಕ್ಕೆ ಇದೂ ಒಂದು ಕಾರಣ ಎಂದು ನಮಗೆ ತೋರುತ್ತದೆ. ಸಾವಿರಾರು ಕೋಟಿಯ ಒಡೆಯನಾದರೂ ಅವನು ಮೂಲತಃ ಒಬ್ಬ ಮೆಕ್ಯಾನಿಕ್.

ಆದರೆ ಕವಚ ಕಟ್ಟುವ ಕಲೆಯನ್ನು ಅಭಿಮಾನಿಗಳು ಕಲಿತದ್ದು ಐರನ್ ಮ್ಯಾನ್‌ನಿಂದಲ್ಲ, 1977ರ 'ಸ್ಟಾರ್ ವಾರ್ಸ್' ಸಿನಿಮಾದ ಖಳರ ಸೈನಿಕರಿಂದ. ಸ್ಟಾರ್ಮ್‌ಟ್ರೂಪರ್ ಎನ್ನುತ್ತಾರೆ. ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ ಕವಚ, ಮುಖವೇ ಕಾಣದು. ಇದರ ಹೆಲ್ಮೆಟ್ ಮಾಡಿದ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅದು ಕೊನೆಗೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಲಂಡನ್ ಪಕ್ಕದ ಟ್ವಿಕನ್‌ಹ್ಯಾಮ್‌ನಲ್ಲಿ ಆಂಡ್ರ್ಯೂ ಐನ್ಸ್‌ವರ್ತ್ ಎಂಬವರಿಗೆ ವ್ಯಾಕ್ಯೂಮ್ ಅಚ್ಚಿನ ಕೆಲಸ ಗೊತ್ತಿತ್ತು. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿದರೆ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗಿ ಜೋಲುತ್ತದೆ. ಅದನ್ನು ಅಚ್ಚಿನ ಮೇಲೆ ಹೊದಿಸಿ ಕೆಳಗಿನಿಂದ ಗಾಳಿ ಎಳೆದರೆ ಹಾಳೆ ಅಚ್ಚಿಗೆ ಕಚ್ಚಿಕೊಳ್ಳುತ್ತದೆ, ಆರಿದ ಮೇಲೆ ಅದೇ ಆಕಾರ. ರಾಲ್ಫ್ ಮೆಕ್ವಾರಿ ಎಂಬ ಕಲಾವಿದ ಬಿಡಿಸಿದ ಚಿತ್ರಗಳೇ ಆ ಸೈನಿಕರ ರೂಪಕ್ಕೆ ಮೂಲ. ಐನ್ಸ್‌ವರ್ತ್ ಸಿನಿಮಾಕ್ಕಾಗಿ 50 ಹೆಲ್ಮೆಟ್ ತಯಾರಿಸಿಕೊಟ್ಟರು. ಸಿನಿಮಾ ಜಗತ್ತನ್ನೇ ಗೆದ್ದಿತು. ಸುಮಾರು ಕಾಲು ಶತಮಾನದ ನಂತರ ಅವರು ಅದೇ ಹೆಲ್ಮೆಟ್, ಕವಚಗಳನ್ನು ಮತ್ತೆ ಮಾಡಿ ಮಾರತೊಡಗಿದರು. ಲ್ಯೂಕಾಸ್‌ಫಿಲ್ಮ್ ಕಂಪನಿ ಕೇಸು ಹಾಕಿತು. ಅಮೆರಿಕದ ಕೋರ್ಟು 2006ರಲ್ಲಿ 2 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪು ಕೊಟ್ಟಿತು.

ಇಂಗ್ಲೆಂಡಿನಲ್ಲಿ ಕಥೆ ಬೇರೆಯಾಯಿತು. ಅಲ್ಲಿ ಕೇಳಿದ ಪ್ರಶ್ನೆ ಇದು: ಹೆಲ್ಮೆಟ್ ಎಂದರೆ ಶಿಲ್ಪವೋ, ಬಳಕೆಯ ಸಾಮಾನೋ? ಶಿಲ್ಪವಾದರೆ ಕಲಾಕೃತಿಗೆ ಸಿಗುವ ದೀರ್ಘಕಾಲದ ಹಕ್ಕುಸ್ವಾಮ್ಯ ಅದಕ್ಕೂ ಉಂಟು. ಬಳಕೆಯ ಸಾಮಾನಾದರೆ ಅದರ ವಿನ್ಯಾಸದ ರಕ್ಷಣೆ ಎಂದೋ ಮುಗಿದುಹೋಗಿದೆ. 2011ರ ಜುಲೈನಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್ ಹೇಳಿತು: ಸಿನಿಮಾ ತಯಾರಿಸುವ ಕೆಲಸದಲ್ಲಿ ಹೆಲ್ಮೆಟ್ ಒಂದು ಉಪಯೋಗದ ವಸ್ತು, ಶಿಲ್ಪವಲ್ಲ. ಬ್ರಿಟನ್ನಿನಲ್ಲಿ ಐನ್ಸ್‌ವರ್ತ್ ಮಾರಬಹುದು. ಆದರೆ ಅಮೆರಿಕದ ಹಕ್ಕುಸ್ವಾಮ್ಯ ಮುರಿದದ್ದರ ವಿಚಾರಣೆಯನ್ನು ಇಂಗ್ಲೆಂಡಿನ ಕೋರ್ಟು ನಡೆಸಬಹುದು ಎಂದೂ ಅದೇ ತೀರ್ಪು ಹೇಳಿತು. ಹೀಗಾಗಿ ಅದು ಪೂರ್ತಿ ಗೆಲುವೂ ಅಲ್ಲ.

ನಮಗೆ ಈ ತೀರ್ಪಿನಲ್ಲಿ ಒಂದು ವಿಚಿತ್ರ ಕಾಣುತ್ತದೆ. ಕೈಕೆಲಸದವನು ಗೆದ್ದದ್ದು, ಅವನ ಕೆಲಸ ಕಲೆಯಲ್ಲ ಎಂದು ಕೋರ್ಟು ಹೇಳಿದ್ದರಿಂದ.

ಇನ್ನೊಂದು ಕಡೆ ಅದೇ ಕವಚದ ಸುತ್ತ ಇನ್ನೊಂದು ಕಥೆ ನಡೆದಿತ್ತು. ಅಮೆರಿಕದ ಸೌತ್ ಕ್ಯಾರೊಲೈನಾದ ಆಲ್ಬಿನ್ ಜಾನ್ಸನ್ 1994ರಲ್ಲಿ ಅಪಘಾತಕ್ಕೆ ಸಿಕ್ಕಿ ಕಾಲು ಕಳೆದುಕೊಂಡರು. 1997ರಲ್ಲಿ ಹಳೆಯ ಸ್ಟಾರ್ ವಾರ್ಸ್ ಸಿನಿಮಾಗಳು ಥಿಯೇಟರಿಗೆ ಮರಳಿದಾಗ, ಅವರೂ ಅವರ ಗೆಳೆಯ ಟಾಮ್ ಕ್ರೂಸ್ ಎಂಬವರೂ (ಸಿನಿಮಾ ನಟನಲ್ಲ) ಬಿಳಿ ಕವಚ ತೊಟ್ಟು ಹೋಗಿ ನಿಂತರು. ಆ ಕವಚದೊಳಗೆ ಯಾವ ಕಾಲು ನಿಜ, ಯಾವುದು ಕೃತಕ ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ. ಎಲ್ಲರೂ ಒಂದೇ ಥರದ ಸೈನಿಕರು. ಆ ವರ್ಷ ಇಬ್ಬರೂ ಕಟ್ಟಿದ ಕೂಟವೇ 501ನೇ ಲೀಜನ್. ಈಗ ಹತ್ತಾರು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. ಸೇರಬೇಕಾದರೆ ಕವಚದ ಫೋಟೋ ಕಳಿಸಬೇಕು, ಸಿನಿಮಾದಲ್ಲಿದ್ದಂತೆ ಇದೆಯೇ ಎಂದು ತುಂಡು ತುಂಡಾಗಿ ತಾಳೆ ನೋಡಿ ಒಪ್ಪುತ್ತಾರೆ. ತೊಟ್ಟು ಆಸ್ಪತ್ರೆಯ ಮಕ್ಕಳನ್ನು ನೋಡಲು ಹೋಗುತ್ತಾರೆ, ದೇಣಿಗೆ ಎತ್ತುತ್ತಾರೆ.

ಜಾನ್ಸನ್ ಅವರ ಪುಟ್ಟ ಮಗಳು ಕೇಟಿಗೆ ಮೆದುಳಿನ ಕ್ಯಾನ್ಸರ್ ಬಂತು. ಸಿನಿಮಾದ ಆರ್‌2 ಎಂಬ ಪುಟ್ಟ ರೋಬೋ ತನ್ನ ಹಾಸಿಗೆ ಪಕ್ಕ ಕಾವಲಿರಬೇಕು ಎಂಬುದು ಅವಳ ಆಸೆ. ರೋಬೋ ಕಟ್ಟುವ ಹವ್ಯಾಸಿಗಳ ಕೂಟ ಅವಳಿಗಾಗಿ ಗುಲಾಬಿ ಬಣ್ಣದ ರೋಬೋ ಕಟ್ಟಲು ಕೂತಿತು. ಅದು ಮುಗಿಯುವಷ್ಟು ಸಮಯ ಅವಳಿಗಿಲ್ಲ ಎಂದು ತಿಳಿದು, ಇದ್ದ ರೋಬೋ ಒಂದಕ್ಕೆ ಬೇಗ ಗುಲಾಬಿ ರೂಪ ಕೊಟ್ಟು ಅವಳ ಬಳಿಗೆ ಕಳಿಸಿದರು. 2005ರ ಆಗಸ್ಟ್‌ನಲ್ಲಿ ಕೇಟಿ ತೀರಿಕೊಂಡಳು. ಪೂರ್ತಿಯಾದ ರೋಬೋಗೆ ಆರ್‌2-ಕೆಟಿ ಎಂದು ಹೆಸರಿಟ್ಟರು. 2015ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಅದಕ್ಕೊಂದು ಜಾಗ ಸಿಕ್ಕಿದೆ. 501 ಎಂಬ ಆ ಹವ್ಯಾಸಿ ದಂಡಿನ ಹೆಸರನ್ನೂ 2005ರ ಸಿನಿಮಾದ ಹೊತ್ತಿಗೆ ಕಂಪನಿಯೇ ತನ್ನ ಕಥೆಯೊಳಗೆ ಸೇರಿಸಿಕೊಂಡಿತು. ಮಾರಾಟಕ್ಕಿಳಿದವನನ್ನು ಕೋರ್ಟಿಗೆಳೆದ ಅದೇ ಕಂಪನಿ, ಮಾಡಿ ತೊಟ್ಟು ಹಣ ಕೇಳದವರ ಬೆನ್ನು ತಟ್ಟಿತು.

ಮಡಚಿದ ಕಾಗದ, ಕಾಯಿಸಿದ ಮ್ಯಾಟು

ವ್ಯಾಕ್ಯೂಮ್ ಅಚ್ಚಿಗೆ ಮೊದಲು ಅಚ್ಚು ಬೇಕು. ಅಚ್ಚು ಮಾಡಲು ಜೇಡಿಮಣ್ಣಿನಲ್ಲಿ ಮುಖ ತಿದ್ದುವ ಕೈ ಬೇಕು. ಇದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಆ ಬೇಲಿ ಮುರಿದದ್ದು ಜಪಾನಿನ ಒಂದು ಸಾಫ್ಟ್‌ವೇರ್.

ಪೇಪಕುರ ಎಂದು ಅದರ ಹೆಸರು, ಪೇಪರ್ ಕ್ರಾಫ್ಟ್ ಎಂಬುದನ್ನೇ ಜಪಾನಿಯರು ಮೊಟಕು ಮಾಡಿ ಹೇಳುವ ಮಾತು. ಕಂಪ್ಯೂಟರಿನಲ್ಲಿ ಮಾಡಿದ ಯಾವುದೇ ಮೂರು ಆಯಾಮದ ಆಕಾರವನ್ನು ಅದು ಬಿಚ್ಚಿ ಚಪ್ಪಟೆ ತುಂಡುಗಳಾಗಿ ಹಾಳೆಯ ಮೇಲೆ ಹರಡಿಕೊಡುತ್ತದೆ. ಔಷಧಿಯ ರಟ್ಟಿನ ಡಬ್ಬಿ ಬಿಚ್ಚಿದರೆ ಒಂದೇ ಹಾಳೆಯಾಗುತ್ತದಲ್ಲ, ಹಾಗೆ. ಪ್ರತಿ ಅಂಚಿಗೂ ನಂಬರು ಇರುತ್ತದೆ. ಪ್ರಿಂಟ್ ಹಾಕಿ, ಕತ್ತರಿಸಿ, ಗೆರೆಯಲ್ಲಿ ಮಡಚಿ, 41ನ್ನು 41ಕ್ಕೆ, 42ನ್ನು 42ಕ್ಕೆ ಅಂಟಿಸುತ್ತ ಹೋದರೆ ಹೆಲ್ಮೆಟ್ ತಾನಾಗಿ ಎದ್ದು ನಿಲ್ಲುತ್ತದೆ.

ಮೊದಲು ಇದಕ್ಕೆ ಬಿದ್ದವರು 'ಹ್ಯಾಲೋ' ಎಂಬ ವಿಡಿಯೋ ಗೇಮಿನ ಅಭಿಮಾನಿಗಳು. 2008ರಲ್ಲಿ ಐರನ್ ಮ್ಯಾನ್ ಸಿನಿಮಾ ಬಂದ ಮೇಲೆ ಬಾಗಿಲು ಪೂರ್ತಿ ತೆರೆಯಿತು. ಸಿನಿಮಾದ ಕವಚ ಕಟ್ಟಿದ್ದು ಹೆಸರಾಂತ ಸ್ಟಾನ್ ವಿನ್‌ಸ್ಟನ್ ಕಾರ್ಯಾಗಾರ. ಅದನ್ನು ನೋಡಿ ನೋಡಿ ಯಾರೋ ಒಬ್ಬ ಹವ್ಯಾಸಿ ಕಂಪ್ಯೂಟರಿನಲ್ಲಿ ತಲೆಯ ಆಕಾರ ತಿದ್ದಿದ, ಇನ್ನೊಬ್ಬ ಅದನ್ನು ಹಾಳೆಗೆ ಬಿಚ್ಚಿದ, ಮತ್ತೊಬ್ಬ ಎಲ್ಲಿ ತಪ್ಪುತ್ತದೆಂದು ಬರೆದ. ಫೈಲು ಎಲ್ಲರಿಗೂ ಪುಕ್ಕಟೆ. ಒಬ್ಬರ ಮುಖ ಇನ್ನೊಬ್ಬರು ನೋಡಿರಲಿಲ್ಲ.

ನಮ್ಮ ಬಯಲಾಟ, ಯಕ್ಷಗಾನದ ಕಿರೀಟ, ಭುಜಕೀರ್ತಿ ಮಾಡುವವರಿಗೆ ಹಗುರ ಮರ, ಕನ್ನಡಿ ಚೂರು, ಬಣ್ಣದಿಂದ ಚಿನ್ನ ತೋರಿಸುವುದು ತಲೆಮಾರಿನಿಂದ ಬಂದ ವಿದ್ಯೆ. ಅಲ್ಲಿ ಗುರು ಇದ್ದಾನೆ, ಮೇಳ ಇದೆ. ಇವರಿಗೆ ಅದ್ಯಾವುದೂ ಇರಲಿಲ್ಲ. ಹಾಳಾದ ಹೆಲ್ಮೆಟ್ಟಿನ ಫೋಟೋ ಹಾಕಿ, ಎಲ್ಲಿ ಕೆಟ್ಟಿತು ಎಂದು ಅಪರಿಚಿತರನ್ನು ಕೇಳುವುದೇ ಅವರ ಗುರುಕುಲ.

ಕಾಗದದ ಹೆಲ್ಮೆಟ್ ಹಾಗೇ ತೊಡಲಾಗದು. ಹೊರಗೆ ರೆಸಿನ್ ಬಳಿಯಬೇಕು, ಒಳಗೆ ಗಾಜಿನ ನಾರಿನ ಬಟ್ಟೆ ಹಾಸಿ ಮತ್ತೆ ರೆಸಿನ್ ಕುಡಿಸಬೇಕು. ಫೈಬರ್ ದೋಣಿ ಮಾಡುವ ಕ್ರಮವೇ ಇದು. ಆಮೇಲೆ ಕಾರಿನ ಟಿಂಕರಿಂಗ್ ಅಂಗಡಿಯಲ್ಲಿ ನುಗ್ಗಾದ ಬಾಗಿಲಿಗೆ ಮೆತ್ತುತ್ತಾರಲ್ಲ, ಆ ಪುಟ್ಟಿ. ಮೆತ್ತು, ಸ್ಯಾಂಡ್ ಪೇಪರಿನಲ್ಲಿ ಉಜ್ಜು, ಮತ್ತೆ ಮೆತ್ತು, ಮತ್ತೆ ಉಜ್ಜು. ಕಾಗದದ ಮೂಲೆಗಳೆಲ್ಲ ಸವೆದು ನುಣುಪಾಗುವವರೆಗೆ ಇದೇ ಕೆಲಸ. ಕೊನೆಗೆ ಪ್ರೈಮರ್, ಕಾರಿನ ಬಣ್ಣ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಬಾರದು. ವಿಡಿಯೋ ನೋಡಿ ಮನೆಯ ಮಕ್ಕಳು ಮಾಡಹೊರಟರೆ ಕಾಗದ ಮಡಚಲಿ, ಅಡ್ಡಿಯಿಲ್ಲ. ರೆಸಿನ್ ಮಾತ್ರ ಮುಚ್ಚಿದ ಕೋಣೆಯಲ್ಲಿ ಬೇಡ. ಅದರ ಹೊಗೆ ತಲೆ ಸುತ್ತಿಸುತ್ತದೆ, ಬೆರೆಸುವ ಹಾರ್ಡನರ್ ಕಣ್ಣಿಗೆ ಸಿಡಿದರೆ ಕಣ್ಣಿಗೇ ಅಪಾಯ. ಗಾಜಿನ ನಾರಿನ ಧೂಳು ಚರ್ಮಕ್ಕೆ ತುರಿಕೆ, ಎದೆಗೆ ಕೆಡುಕು. ಬಯಲಲ್ಲಿ, ಸರಿಯಾದ ಮಾಸ್ಕ್, ಕೈಗವಸು, ಕನ್ನಡಕ ಹಾಕಿ, ದೊಡ್ಡವರೇ ಮಾಡಬೇಕಾದ ಕೆಲಸ ಅದು.

ಈ ಕಾಟದಿಂದಲೇ ಬಹಳ ಜನ ಫೋಮಿಗೆ ತಿರುಗಿದರು. ಇವಿಎ ಎಂಬ ಈ ಫೋಮ್ ನಮಗೆಲ್ಲ ಗೊತ್ತಿರುವುದೇ, ಹಗುರದ ಚಪ್ಪಲಿಯ ಅಡಿಯಲ್ಲಿ, ಮಕ್ಕಳ ಮ್ಯಾಟಿನಲ್ಲಿ ಇರುವುದು ಅದೇ. ಇದರದೊಂದು ಗುಣ ಉಂಟು: ಬಿಸಿಗಾಳಿ ಹಾಯಿಸಿ ಬಗ್ಗಿಸಿ ಹಿಡಿದರೆ, ಆರಿದ ಮೇಲೂ ಬಗ್ಗಿದಂತೆಯೇ ನಿಲ್ಲುತ್ತದೆ. ಮೊಣಕಾಲ ಮೇಲಿಟ್ಟು ಒತ್ತಿದರೆ ಮೊಣಕಾಲಿನ ಕವಚ. ಬ್ಲೇಡಿನಿಂದ ಅರ್ಧ ಆಳಕ್ಕೆ ಗೀರಿ ಕಾಯಿಸಿದರೆ ಗೀರು ಬಾಯಿ ಬಿಟ್ಟು, ಎರಡು ಲೋಹದ ತಗಡು ಕೂಡಿದ ಸಂದಿನಂತೆ ಕಾಣುತ್ತದೆ. ಚಪ್ಪಲಿ ಅಂಗಡಿಯಲ್ಲಿ ಅಟ್ಟೆ ಅಂಟಿಸುವಂತೆ ಎರಡೂ ಕಡೆ ಗಮ್ಮು ಹಚ್ಚಿ, ಒಣಗಲು ಬಿಟ್ಟು, ಒತ್ತಿ ಕೂಡಿಸುತ್ತಾರೆ. ಫೋಮ್ ಬಣ್ಣ ಕುಡಿದುಬಿಡುವುದರಿಂದ ಮೊದಲು ಒಂದೆರಡು ಕೋಟು ಅಂಟು ಇಲ್ಲವೇ ರಬ್ಬರ್ ಬಣ್ಣ ಬೇಕು. ಆಮೇಲೆ ಕಪ್ಪು, ಅದರ ಮೇಲೆ ಬೆಳ್ಳಿ. ಕೊನೆಗೆ ಬಹುತೇಕ ಒಣಗಿದ ಬ್ರಷ್‌ನಿಂದ ಅಂಚುಗಳಿಗೆ ಮಾತ್ರ ಬೆಳ್ಳಿ ತಾಗಿಸಿದರೆ, ಬಹಳ ಯುದ್ಧ ಕಂಡು ಬಣ್ಣ ಸವೆದ ಉಕ್ಕು ಸಿದ್ಧ.

ಈಗ ತ್ರೀಡಿ ಪ್ರಿಂಟರ್ ಬಂದಿದೆ. ಮುಖದ ಮುಚ್ಚಳ ಎತ್ತಲು ಆಟಿಕೆಯ ವಿಮಾನದಲ್ಲಿರುವಂಥ ಪುಟ್ಟ ಮೋಟಾರು, ಎದೆಗೆ ಎಲ್‌ಇಡಿ. ಆದರೂ ಪ್ರಿಂಟರಿನಿಂದ ಬಂದ ತುಂಡಿಗೂ ಪುಟ್ಟಿ, ಸ್ಯಾಂಡ್ ಪೇಪರ್ ತಪ್ಪಿಲ್ಲ.

ಒಳಗಿರುವ ಮನುಷ್ಯನ ಪಾಡು ಬೇರೆಯೇ. ಫೋಮ್ ಎಂದರೆ ಬಿಸಿ ಹೊರಗೆ ಹೋಗಲು ಬಿಡದ ವಸ್ತು. ಹೆಲ್ಮೆಟ್ಟಿನೊಳಗೆ ಕಂಪ್ಯೂಟರಿನ ಪುಟ್ಟ ಫ್ಯಾನ್ ಕೂರಿಸಿದರೂ ಕಣ್ಣಿನ ಗಾಜು ಮಬ್ಬಾಗುತ್ತದೆ. ತನ್ನ ಕಾಲು ತನಗೇ ಕಾಣದು. ಮೆಟ್ಟಿಲು ಎಂದರೆ ಶತ್ರು. ಎದೆಗವಚಕ್ಕೂ ಹೊಟ್ಟೆಯ ತುಂಡಿಗೂ ನಡುವೆ ಚರ್ಮ ಸಿಕ್ಕಿ ಹಿಂಡುತ್ತದೆ. ನೀರು ಕುಡಿಯಲು ಸ್ಟ್ರಾ. ಒಂದಕ್ಕೆ ಹೋಗಬೇಕಾದರೆ ಅರ್ಧ ಗಂಟೆ ಮೊದಲೇ ಯೋಚಿಸಬೇಕು. ಆದ್ದರಿಂದ ಕವಚದವರ ಪಕ್ಕದಲ್ಲಿ ಸದಾ ಒಬ್ಬರು ಇರುತ್ತಾರೆ: ಹೆಂಡತಿ, ಗಂಡ, ತಮ್ಮ, ಗೆಳತಿ, ಯಾರಾದರೂ. ನೀರು, ಗಮ್ಮು, ಟೇಪು, ಬ್ಯಾಟರಿ ತುಂಬಿದ ಚೀಲ ಹೊತ್ತು, ಕೈಹಿಡಿದು ನಡೆಸುತ್ತಾರೆ. ಹ್ಯಾಂಡ್ಲರ್ ಎಂದು ಕರೆಯುತ್ತಾರೆ. ಫೋಟೋ ತೆಗೆಯುವಾಗ ಅವರನ್ನು ಪಕ್ಕಕ್ಕೆ ಸರಿಯಿರಿ ಎನ್ನುತ್ತಾರೆ.

ಆಯುಧದ ವಿಷಯದಲ್ಲೂ ಕಟ್ಟುನಿಟ್ಟು. ವೇಷದ ಬಂದೂಕು, ಕತ್ತಿಯನ್ನು ಬಾಗಿಲಲ್ಲೇ ಪರೀಕ್ಷಿಸಿ ಗುರುತಿನ ಪಟ್ಟಿ ಕಟ್ಟುವುದು ಹಳೆಯ ರೂಢಿ. 2017ರಲ್ಲಿ ಅಮೆರಿಕದ ಫೀನಿಕ್ಸ್ ನಗರದ ಸಮ್ಮೇಳನಕ್ಕೆ ಒಬ್ಬ ನಿಜವಾದ ಬಂದೂಕುಗಳನ್ನೇ ತಂದು ಸಿಕ್ಕಿಬಿದ್ದ. ಅವನೊಬ್ಬನಿಂದಾಗಿ ಅಲ್ಲಿ ಸೇರಿದ್ದ ಎಲ್ಲರ ಆಯುಧಗಳಿಗೂ, ತಿಂಗಳುಗಟ್ಟಲೆ ಕೂತು ಫೋಮಿನಲ್ಲಿ ಕೆತ್ತಿದ್ದಕ್ಕೂ, ನಿಷೇಧ ಬಿತ್ತು.

ಭಾರತದಲ್ಲಿ ಇಂಥ ಸಮ್ಮೇಳನ ಶುರುವಾದದ್ದು 2011ರಲ್ಲಿ, ದಿಲ್ಲಿ ಹಾಟ್‌ನಲ್ಲಿ ನಡೆದ ಕಾಮಿಕ್ ಕಾನ್‌ನಿಂದ. ಮರುವರ್ಷ ಬೆಂಗಳೂರಿಗೂ ಬಂತು. ಇಲ್ಲಿಯೂ ಕವಚದವರು ಬಂದರು, ಇಲ್ಲಿಯೂ ಫೋಮ್, ಇಲ್ಲಿಯೂ ಗಮ್ಮು.

ಆದರೆ ಐರನ್ ಮ್ಯಾನ್ ಭಾರತದಲ್ಲಿ ದೊಡ್ಡ ಸುದ್ದಿಯಾದದ್ದು ಸಮ್ಮೇಳನದ ವೇದಿಕೆಯಿಂದಲ್ಲ, ಒಂದು ಹಳ್ಳಿಯಿಂದ. ಮಣಿಪುರದ ತೌಬಲ್ ಜಿಲ್ಲೆಯ ಹೈರೋಕ್ ಎಂಬ ಊರಿನ ಯುವಕನೊಬ್ಬ ರಟ್ಟು ಮತ್ತು ಗುಜರಿಗೆ ಹೋಗಬೇಕಾದ ಎಲೆಕ್ಟ್ರಾನಿಕ್ ಸಾಮಾನಿನಿಂದ, ತಾನಾಗಿ ಅಲುಗಾಡುವ ಐರನ್ ಮ್ಯಾನ್ ಕವಚ ಕಟ್ಟಿದ್ದ. ಯಾವ ಕಾಲೇಜೂ ಅದನ್ನು ಹೇಳಿಕೊಟ್ಟಿರಲಿಲ್ಲ. 2021ರಲ್ಲಿ ಅದರ ವಿಡಿಯೋ ಉದ್ಯಮಿ ಆನಂದ್ ಮಹೀಂದ್ರಾ ಕಣ್ಣಿಗೆ ಬಿತ್ತು. ಅವನ ಮತ್ತು ಒಡಹುಟ್ಟಿದವರ ಓದಿಗೆ ನೆರವಾಗುವ ಮಾತು ಕೊಟ್ಟರು. ಯುವಕ ಹೈದರಾಬಾದಿನ ಮಹೀಂದ್ರಾ ವಿಶ್ವವಿದ್ಯಾಲಯಕ್ಕೆ ಓದಲು ಸೇರಿದ.

ಆ ಸುದ್ದಿ ಓದಿದ ಅನೇಕರು ಅದೃಷ್ಟ ಎಂದರು. ಅದೃಷ್ಟವೂ ಇತ್ತು, ನಾವೂ ಇಲ್ಲ ಎನ್ನುವುದಿಲ್ಲ. ಆದರೆ ಉದ್ಯಮಿಯ ಕಣ್ಣಿಗೆ ಬೀಳುವ ಮೊದಲೇ ಆ ಕವಚದ ಬೆರಳುಗಳು ಮಡಚಿ ಬಿಚ್ಚುತ್ತಿದ್ದವು.